ಟೋಫು ಗುರ್ ಎನ್ನುವುದನ್ನು ಬಿಟ್ಟಿದ್ದೇಕೆ

ಸಿಂಗಪುರದ ಪಾಸಿರ್ ಪಂಜಾಂಗಿನಲ್ಲಿ ಬೆಳಗಿನ ಶಿಫ್ಟ್ ಮುಗಿಸಿ ಬಸ್ಸು ಹತ್ತುವಷ್ಟರಲ್ಲಿ ಜಯರಾಮನಿಗೆ ಮಗಳು ಯಶ್ಮಿತಾಳ ಫೋನು ಬಂತು. ಮನೆಯ ನಾಯಿ ಟೋಫು ಮೊಮ್ಮಗಳ ತೋಳಿಗೆ ಬಾಯಿ ಹಾಕಿತ್ತು. ಹಲ್ಲು ತಾಕಿ ಕೆಂಪಾಗಿತ್ತಷ್ಟೆ, ರಕ್ತ ಬಂದಿರಲಿಲ್ಲ. ಆದರೂ ಐದು ವರ್ಷದ ಸಮೃದ್ಧಿಯ ಅಳು ಫೋನಿನಲ್ಲೂ ಕೇಳುತ್ತಿತ್ತು.

"ಒಂದ್ಸಲಾನೂ ಗುರ್ ಅನ್ಲಿಲ್ಲಪ್ಪ. ಸಡನ್ನಾಗಿ ಕಚ್ಚೋಕೆ ಬಂತು. ಇನ್ನು ಇದನ್ನ ಮನೇಲಿ ಇಟ್ಕೊಳ್ಳೋಕೆ ನಂಗೆ ಭಯ."

ಬೆಡೋಕಿನ ಅವರ ಫ್ಲ್ಯಾಟಿನಲ್ಲಿ ಎಂಟು ವರ್ಷದಿಂದ ಜಯರಾಮನ ಕಾಲ ಬುಡದಲ್ಲೇ ಮಲಗುತ್ತಿದ್ದ ನಾಯಿ ಅದು.

ಮರುದಿನ ಅಪ್ಪ, ಮಗಳು ಟೋಫುವನ್ನು ಪಶುವೈದ್ಯೆ ಮೀರಾ ಬಳಿಗೆ ಒಯ್ದರು. ಆಕೆ ಕೇಳಿದ ಮೊದಲ ಪ್ರಶ್ನೆಯೇ, "ಮುಂಚೆ ಗುರ್ ಅಂತಿತ್ತಾ?"

ಜಯರಾಮ ತಲೆ ತಗ್ಗಿಸಿದ. ಸಮೃದ್ಧಿ ತಬ್ಬಿಕೊಂಡಾಗೆಲ್ಲ ಟೋಫು ಗುರುಗುಟ್ಟುತ್ತಿತ್ತು. ಪ್ರತಿ ಸಲವೂ ಅವನು ಪೇಪರ್ ಸುರುಳಿ ಮಾಡಿ ಎತ್ತಿ ಗದರಿಸಿದ್ದ. ಹದಿನೈದು ದಿನದಲ್ಲಿ ನಾಯಿ ಸುಮ್ಮನಾದಾಗ ಬುದ್ಧಿ ಬಂತೆಂದು ಬೀಗಿದ್ದ.

"ನಾನೇ ಬಿಡಿಸಿದೆ ಡಾಕ್ಟ್ರೇ."

ಮೀರಾ ಟೋಫುವಿನ ಸೊಂಟವನ್ನು ಮೆಲ್ಲನೆ ಒತ್ತಿದಳು. ನಾಯಿ ಸೆಟೆದುಕೊಂಡು ತುಟಿ ನೆಕ್ಕಿತು; ಸದ್ದು ಮಾತ್ರ ಮಾಡಲಿಲ್ಲ. ಎಕ್ಸ್-ರೇ ತೆಗೆದರೆ ಸೊಂಟದ ಕೀಲು ಸವೆದಿತ್ತು.

"ನೋಯ್ತಿದೆ, ಬಿಡು ಅಂತ ಹೇಳ್ತಿತ್ತು ಅಂಕಲ್. ಹೇಳಿದ್ರೆ ಬೈತಾರೆ ಅಂತ ಗೊತ್ತಾಯ್ತು, ಹೇಳೋದು ಬಿಡ್ತು. ನೋವು ಬಿಡ್ಲಿಲ್ಲವಲ್ಲ!"

"ಹಾಗಾದ್ರೆ ಇದು ಕೆಟ್ಟ ನಾಯಿ ಅಲ್ವಾ?" ಯಶ್ಮಿತಾಳ ಕಣ್ಣಲ್ಲಿ ನೀರಾಡಿತು.

"ಅಲ್ವೇ ಅಲ್ಲ. ಮಾತ್ರೆ ಕೊಡ್ತೀನಿ. ಮಗೂನ ಇದರ ಜೊತೆ ಒಂಟಿಯಾಗಿ ಬಿಡ್ಬೇಡಿ. ಗುರ್ ಅಂದ್ರೆ ಬೈಬೇಡಿ, ದೂರ ಸರೀರಿ, ಅಷ್ಟೆ."

ಮನೆಯ ಒಂದು ಮೂಲೆ ಟೋಫುವಿನದಾಯಿತು. ಅಲ್ಲಿ ಮಲಗಿದ್ದಾಗ ಯಾರೂ ಮುಟ್ಟುವಂತಿರಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ನಾಯಿಯ ನಡಿಗೆ ಸಲೀಸಾಯಿತು. ಬಾಯಿ ಮಾತ್ರ ಮುಚ್ಚಿಯೇ ಇತ್ತು. ಜಯರಾಮನನ್ನು ಕೊರೆಯುತ್ತಿದ್ದುದು ಅದೇ.

ಒಂದು ಭಾನುವಾರ ಸಮೃದ್ಧಿಯ ಚೆಂಡು ಉರುಳಿ ಆ ಮೂಲೆಗೆ ಹೋಯಿತು. ಅವಳು ಬಗ್ಗಿದ್ದೇ ತಡ, "ಗುರ್ರ್..." ಪಕ್ಕದಲ್ಲೇ ಕೂತಿದ್ದ ಜಯರಾಮನ ಕೈ ತಾನಾಗಿ ಮೇಲೆದ್ದಿತು. ತಕ್ಷಣ ಇಳಿಸಿಕೊಂಡ.

"ಏನಂತು ಪುಟ್ಟಾ?"

"ಬರ್ಬೇಡ ಅಂತು ಲಾ," ಎಂದು ಸಿಂಗಪುರದ ಮಕ್ಕಳ ಧಾಟಿಯಲ್ಲಿ ಹೇಳಿ ಸಮೃದ್ಧಿ ಹಿಂದೆ ಸರಿದಳು. ಟೋಫು ನಿಟ್ಟುಸಿರಿಟ್ಟು ತಲೆ ಕೆಳಗಿಟ್ಟಿತು.

ಯಶ್ಮಿತಾ ಅಡುಗೆಮನೆಯಿಂದ ಓಡಿಬಂದಳು. "ಗುರ್ ಅಂತಾ?"

"ಅಂತು ಮಗಾ, ಅಂತು!" ಜಯರಾಮನಿಗೆ ನಗು ತಡೆಯಲಾಗಲಿಲ್ಲ. ಯಶ್ಮಿತಾ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಮಗಳನ್ನು ಮಡಿಲಿಗೆಳೆದುಕೊಂಡು, "ಇರ್ಲಿ, ನಮ್ಮನೇಲೇ ಇರ್ಲಿ," ಎಂದಳು.