ಮಸ್ಕತ್ತಿನಿಂದ ಬಂದ ಸುದ್ದಿ

ಅದು ೧೯೮೨ರ ಬೇಸಿಗೆ. ದೆಹಲಿಯಲ್ಲಿ ನನಗೆ ಬೆಳಿಗ್ಗೆ ಅಂತರರಾಷ್ಟ್ರೀಯ ರಾಜಕಾರಣದ ಪಾಠ, ಮಧ್ಯಾಹ್ನ ವಿದೇಶ ವ್ಯವಹಾರದ ಕಚೇರಿಯೊಂದರಲ್ಲಿ ತರಬೇತಿ. ದೇಶದೇಶಗಳ ಒಪ್ಪಂದ ಓದಿಸುತ್ತಾರೆಂದು ಬೀಗಿಕೊಂಡು ಹೋದವಳಿಗೆ ಸಿಕ್ಕಿದ್ದು, ಕೊಲ್ಲಿ ದೇಶಗಳಲ್ಲಿ ಸತ್ತ ಕೂಲಿಗಳ ಮನೆಗೆ ಕನ್ನಡದಲ್ಲಿ ಕಾಗದ ಬರೆಯುವ ಕೆಲಸ.

ಒಂದು ದಿನ ಬಂದ ಹೆಸರು ನಮ್ಮ ಊರು ಆವನಿಯದೇ. ಪಕ್ಕದ ಮನೆಯ ಮುನಿಯಲ್ಲಮ್ಮನ ಮಗ ಆಂಜಿನಪ್ಪ ಮಸ್ಕತ್ತಿನಲ್ಲಿ ಕಟ್ಟಡದಿಂದ ಬಿದ್ದು ಸತ್ತಿದ್ದ. ಓದು ಬಾರದ ಮುನಿಯಲ್ಲಮ್ಮ ಅವನ ಕಾಗದಗಳನ್ನೆಲ್ಲ ನನ್ನಿಂದಲೇ ಓದಿಸುತ್ತಿದ್ದಳು. ಕಷ್ಟ ಬರೆದ ಸಾಲುಗಳನ್ನು ನಾನು ಹಾರಿಸಿಬಿಡುತ್ತಿದ್ದೆ. ಈಗ ನಾನೇ ಬರೆಯಬೇಕಾದ ಕಾಗದದಲ್ಲಿ ಇದ್ದದ್ದೇ ಎರಡು ಸಾಲು. ಅಳುತ್ತಲೇ ಬರೆದು ಅಂಚೆಗೆ ಹಾಕಿದೆ.

ತರಬೇತಿ ಮುಗಿಸಿ ಊರಿಗೆ ಬಂದರೆ ಮುನಿಯಲ್ಲಮ್ಮ ನಗುತ್ತ ಎದುರು ಬಂದಳು. ಕೈಯಲ್ಲಿ ಒಡೆಯದ ಲಕೋಟೆ, ಮೇಲೆ ನನ್ನದೇ ಅಕ್ಷರ.

"ಮಗಂದು ಕಾಗ್ದ. ನೀನ್ ಬರ್ಲಿ ಅಂತ ಮಡಗಿದ್ದೆ ಕಣಮ್ಮ. ಬೇರೆಯೋರು ಓದಿದ್ರೆ ಬರೀ ಕಷ್ಟಾನೇ ಇರ್ತದೆ. ನೀನೇ ಓದು."