ಹೋಗುವವಳ ಕುಂಕುಮ

ಅಮೃತಾ ಕಸಬರಿಗೆಯನ್ನು ಜಗ್ಗಿದಳು. ಇನ್ನೊಂದು ತುದಿ ಹಿಡಿದವಳು ಬಿಡಲಿಲ್ಲ.

"ಬಿಡ್ರಿ ಅಕ್ಕಾರ," ಎಂದಳು ದುರ್ಗವ್ವ. "ಅರ್ಧಾ ಅಂಗಳ ಆಗೇತಿ. ನಡಕ ಕೈ ಬದಲ ಮಾಡಬಾರ್ದು."

"ಇದು ನನ್ನ ಅಂಗಳ."

"ಯಾರ್ ಅಲ್ಲಂದ್ರು?" ದುರ್ಗವ್ವ ನಕ್ಕಳು. ಕೊರಳಲ್ಲಿ ಫೈನಾನ್ಸ್ ಕಂಪನಿಯ ಗುರುತಿನ ಚೀಟಿ ತೂಗುತ್ತಿತ್ತು. "ನಾ ಬೈದೇನೇನು? ಬಾಗಲಾ ಬಡದೇನೇನು? ಈಗ ಬೈದ್ರ ಕೇಸ್ ಆಕ್ಕೈತ್ರಿ. ಬರೇ ಕಸಾ ಹೊಡ್ಯಾಕತ್ತೇನಿ."

ಅದು ನಿಜ. ಬೈಯುವವರು ಮೊದಲೇ ಬಂದುಹೋಗಿದ್ದರು; ಗೋಡೆಯ ಮೇಲೆ 'ಈ ಮನೆ ಅಡಮಾನದಲ್ಲಿದೆ' ಎಂದು ಕೆಂಪು ಬಣ್ಣದಲ್ಲಿ ಬರೆದಿದ್ದರು. ಗಂಡ ಸಂಗನಬಸವ ಮನೆಯನ್ನು ಒತ್ತೆಯಿಟ್ಟು ಹಿಟ್ಟಿನ ಗಿರಣಿ ಹಾಕಿದ್ದ. ಮೋಟರು ಸುಟ್ಟಿತು, ಕಂತು ನಿಂತವು. ಅವನೀಗ ಹುಬ್ಬಳ್ಳಿಯ ಗೋದಾಮಿನಲ್ಲಿ ದುಡಿಯುತ್ತ ಅಲ್ಲೇ ಮಲಗುತ್ತಿದ್ದ. ಯರಗುಪ್ಪಿಯ ಮನೆಯಲ್ಲಿ ಉಳಿದವರು ಅಮೃತಾ ಮತ್ತು ಕಣ್ಣಿಗೆ ಪೊರೆ ಬಂದ ಅತ್ತೆ ರೇವವ್ವ.

ಆಮೇಲೆ ಕಂಪನಿ ವಸೂಲಿಗೆ ದುರ್ಗವ್ವನನ್ನು ಕಳಿಸಿತು. ಮೊದಲ ದಿನ ಅವಳು ಕಟ್ಟೆಯ ಮೇಲೆ ಕುಳಿತು ನೀರು ಕೇಳಿದಳು, ಅಷ್ಟೇ. ಹೊರಟಾಗ ಅಮೃತಾ ರೂಢಿಯಂತೆ ದೇವರ ಜಗಲಿಯಿಂದ ಹಿತ್ತಾಳೆಯ ಬಟ್ಟಲು ತಂದು ಅವಳ ಹಣೆಗೆ ಕುಂಕುಮ ಹಚ್ಚಿದಳು. ಹಚ್ಚಿಸಿಕೊಳ್ಳುವಾಗ ದುರ್ಗವ್ವ ಅವಳ ಭುಜದ ಮೇಲಿಂದ ಒಳಗೆ ನೋಡುತ್ತಿದ್ದಳು.

"ಬಟ್ಟಲಾ ಅಲ್ಲಿ ಇಡ್ತೀರಿ, ಹೌದಲ್ರಿ? ನಮ್ಮ ರೂಢಿ ಚೊಲೋ ಐತ್ ನೋಡ್ರಿ. ಹಚ್ಚೂವಾಕಿ ಮನಿಯಾಕಿ. ಹಚ್ಚಿಸ್ಕೊಳ್ಳೂವಾಕಿ ಹೋಗೂವಾಕಿ."

ಮರುದಿನ ಅಮೃತಾ ಏಳುವುದರೊಳಗೆ ಬಾಗಿಲ ಮುಂದೆ ನೀರು ಹೊಡೆದು ರಂಗೋಲಿ ಹಾಕಿ ಆಗಿತ್ತು. ಅಮೃತಾ ಹಾಕುವ ಹೂವೇ. ಎಡಗಡೆಯ ಎಸಳು ಸಣ್ಣದಾಗುವ ಅವಳ ಕೈತಪ್ಪೂ ಹಾಗೆಯೇ ಇತ್ತು.

ಆಮೇಲೆ ದಿನಾ ಬಂದಳು. ಒಂದು ಮುಂಜಾನೆ ಹಾಲಿನ ಅಬ್ದುಲ್‌ಸಾಬ ಅಮೃತಾಳ ಪಾತ್ರೆ ನೋಡಿ, "ಹಾಲು ಆಗಳೇ ಇಸ್ಕೊಂಡ್ರಲ್ಲಾ?" ಎಂದ.

"ಯಾರು?"

"ಅದ... ನೀವ," ಎಂದವನು ಅವಳ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದ. ಗಾಡಿ ಚಾಲೂ ಮಾಡಿದ.

ಅದಕ್ಕೇ ಇವತ್ತು ಕಸಬರಿಗೆಗೆ ಕೈ ಹಾಕಿದ್ದು. ಆದರೆ ಅಷ್ಟರಲ್ಲಿ ಓಣಿಯ ತುದಿಯಿಂದ ಯಾರೋ ಕೂಗಿದರು: ನಳಕ್ಕೆ ನೀರು ಬಂದಿತ್ತು. ತಪ್ಪಿದರೆ ಮತ್ತೆ ವಾರ ಕಾಯಬೇಕು. ಅಮೃತಾ ಕಸಬರಿಗೆ ಬಿಟ್ಟು ಕೊಡ ಎತ್ತಿಕೊಂಡು ಹೋದಳು.

ತಿರುಗಿ ಬಂದಾಗ ಬಾಗಿಲು ಮುಚ್ಚಿತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ.

"ಅಮೃತಾ, ಇವತ್ತ ರೊಟ್ಟಿ ಅಗದಿ ಮಿದು ಆಗ್ಯಾವ ಬೇ," ಎಂದಳು ರೇವವ್ವ ಒಳಗಿನಿಂದ.

"ಇನ್ನೊಂದು ನೀಡ್ಲೇನ್ರಿ ಅತ್ತಿ?"

ತನ್ನದೇ ದನಿ ಕೇಳಿದಂತಾಗಿ ಅಮೃತಾ ಗಂಟಲು ಮುಟ್ಟಿ ನೋಡಿಕೊಂಡಳು.

ಆ ಬಾಗಿಲಿನ ಕದವನ್ನು ತುಸು ಎತ್ತಿ ನೂಕಬೇಕು, ಮನೆಯವರಿಗಷ್ಟೇ ಗೊತ್ತು. ಅವಳು ಎತ್ತಿ ನೂಕಿದಳು. ಅದು ಅಲುಗಲಿಲ್ಲ. ಒಳಗಿನಿಂದ ಯಾರೋ ಸಲೀಸಾಗಿ ಎತ್ತಿ ತೆಗೆದರು.

ಹೊಸ್ತಿಲಾಚೆ ದುರ್ಗವ್ವ ನಿಂತಿದ್ದಳು. ಮೊಣಕೈವರೆಗೆ ಜೋಳದ ಹಿಟ್ಟು. ಗುರುತಿನ ಚೀಟಿಯನ್ನು ಬೆನ್ನಿಗೆ ಎಸೆದುಕೊಂಡಿದ್ದಳು. ಹಿಂದೆ ಒಲೆಯ ಬಾಜು ಕುಳಿತ ರೇವವ್ವ ಬೆಳ್ಳಗಾದ ಕಣ್ಣುಗಳನ್ನು ಬಾಗಿಲತ್ತ ಎತ್ತಿದಳು.

"ಯಾರ್ ಬಂದಾರ ಬೇ?"

"ಯಾರಿಲ್ರಿ ಅತ್ತಿ. ಓಣ್ಯಾಗಿನವ್ರು. ಹೊಂಟಾರ."

ಅತ್ತೆ ತಲೆಯಾಡಿಸಿ ರೊಟ್ಟಿ ಮುರಿದಳು. ಅಮೃತಾಳಿಗೆ ಕೂಗಬೇಕೆನಿಸಿತು. ಕೂಗಿದರೆ ಯಾರ ದನಿ ಬಂದೀತೋ ಎಂದು ಹೆದರಿದಳು.

ದುರ್ಗವ್ವನ ಎಡಗೈಯಲ್ಲಿ ಹಿತ್ತಾಳೆಯ ಬಟ್ಟಲಿತ್ತು. ಅವಳು ಬೆರಳು ಅದ್ದಿ, ಹೊಸ್ತಿಲ ಒಳಗೇ ನಿಂತು, ಕೈಯನ್ನು ಅಮೃತಾಳ ಹಣೆಯ ಕಡೆ ಚಾಚಿದಳು. ಎದುರುಮನೆಯ ಕಟ್ಟೆಯ ಮೇಲಿನ ಹೆಂಗಸರು ಇತ್ತ ತಿರುಗಿದರು. ಆ ಓಣಿಯಲ್ಲಿ ಯಾರೂ ಯಾವತ್ತೂ ಕುಂಕುಮ ಬೇಡ ಅಂದಿರಲಿಲ್ಲ.

"ಹೊತ್ತಾತ್ರಿ ಅಕ್ಕಾರ. ಬರೇ ಹಣೀಲೆ ಹೋಗಬಾರ್ದು. ಹಚ್ಚಿಸ್ಕೊಳ್ರಿ."

ಸೊಂಟದ ಕೊಡ ತುಳುಕಿ ರಂಗೋಲಿಯ ಸಣ್ಣ ಎಸಳು ಕರಗಿಹೋಯಿತು. ಬೆರಳು ಹಣೆಯ ಹತ್ತಿರ ಬಂದಿತ್ತು. ಅಮೃತಾ ಒಂದು ಕಾಲನ್ನು ಹೊಸ್ತಿಲ ಒಳಗಿಟ್ಟಳು.

"ಒಲ್ಲೆ," ಎಂದಳು.