ವಕೀಲರ ಗೇಟಿಗೆ ಕಟ್ಟಿದ ಟಗರು

ಕುಲಗೋಡದ ಮಾಲಿಂಗನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ತಂಗಿ ಭಾಗ್ಯಾ ಗಂಡನನ್ನು ಬಿಟ್ಟು ಹತ್ತರಗಿಯಿಂದ ತವರಿಗೆ ಬಂದಾಗಿನಿಂದ ಅವನ ಬಾಯಲ್ಲಿ ಒಂದೇ ಮಾತು: "ಆ ಉಮೇಶನ್ನ ಜೇಲಿಗೆ ಹಾಕ್ಸೇ ತೀರ್ತೇನಿ."

ಅದಕ್ಕೆ ವಕೀಲರು ಬೇಕಲ್ಲ. ಗೋಕಾಕದಲ್ಲಿ ಮೊದಲು ಸಿಕ್ಕವರು ಕತೆ ಕೇಳುವ ಮುಂಚೆಯೇ ಅಡ್ವಾನ್ಸ್ ಕೇಳಿದರು. ಮಾಲಿಂಗ ಕುರ್ಚಿ ಒದ್ದು ಎದ್ದುಬಂದ. ಆಮೇಲೆ ಸಿಕ್ಕವರು ದ್ರಾಕ್ಷಾಯಿಣಿ. ಗಂಡ ಹೆಂಡಿರ ವ್ಯಾಜ್ಯಗಳನ್ನೇ ನಡೆಸುವ ಹೆಂಗಸು. "ಫೀ ಮಾತು ಆಮ್ಯಾಲೆ. ಮೊದ್ಲ ತಂಗೀನ್ನ ನಮ್ಮ ಮನೀಗೆ ಕರ್ಕೊಂಡ ಬಾ," ಎಂದರು.

ದೊಡ್ಡವರು ಬಾಯಿಬಿಟ್ಟು ಕೇಳುವುದಿಲ್ಲ, ನಾವೇ ತಿಳಿದು ಕೊಡಬೇಕು ಎಂದುಕೊಂಡ ಮಾಲಿಂಗ. ಕುರುಬರ ಮನೆಯಲ್ಲಿ ಟಗರಿಗಿಂತ ದೊಡ್ಡ ಮರ್ಯಾದೆ ಯಾವುದಿದೆ? ಮರುದಿನ ತನ್ನ ಮುದ್ದಿನ ಟಗರಿಗೆ ಅರಿಶಿಣ ಹಚ್ಚಿ, ಗೆಜ್ಜೆಸರ ಕಟ್ಟಿ, ಟಂಟಂ ಆಟೋದಲ್ಲಿ ತಂಗಿಯ ಪಕ್ಕ ಹತ್ತಿಸಿದ.

ಬಾಗಿಲು ತೆರೆದ ವಕೀಲರ ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಗೇಟಿಗೆ ಕಟ್ಟಿದ ಟಗರು ಆಗಲೇ ಪೂಜೆಯ ದಾಸವಾಳವನ್ನು ಗಿಡದ ಸಮೇತ ಮುಗಿಸುತ್ತಿತ್ತು.

"ಏನೋ ಇದು?"

"ನಿಮ್ಮ ಫೀ ರಿ, ಅಕ್ಕಾರ."

"ಅಯ್ಯ ಶಿವನ! ನಮ್ಮ ಮನ್ಯಾಗ ತತ್ತಿ ಸುದ್ದೀನೂ ತಗಿಯೂದಿಲ್ಲ, ನೀ ಟಗರು ತಂದೀಯಲ್ಲೋ!"

"ಕೊಯ್ಯಾಕ ಅಲ್ರಿ, ಸಾಕಾಕ!"

"ಇದನ್ನ ಸಾಕಿದ್ರ ನನ್ನ ಕಕ್ಷಿದಾರರು ಗೇಟ್ ದಾಟ್ತಾರೇನು?"

ಭಾಗ್ಯಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಾಲಿಂಗ ತಿರುಗಿ ನೋಡಿದ. ತವರಿಗೆ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಒಳಗೆ ಕೂತ ಮೇಲೆ ವಕೀಲರು ಭಾಗ್ಯಾಳನ್ನು ಕೇಳಿದರು: "ನಿನಗ ಏನ ಬೇಕವಾ?"

"ಅವನ್ನ ಜೇಲಿಗೆ..." ಎಂದು ಬಾಯಿ ಹಾಕಿದ ಮಾಲಿಂಗ.

"ನಿನ್ನ ಕೇಳಿಲ್ಲಪಾ. ಸಂಸಾರ ಮಾಡಿದಾಕಿ ಆಕಿ. ನೀ ಹೊರಗ ಹೋಗಿ ಟಗರು ಹಿಡಕೊಂಡ ನಿಂದ್ರು. ಇಬ್ಬರೂ ಗುದ್ದಾಕ ನಿಂತಾವ್ರ ಅದೀರಿ."

ಹಗ್ಗ ಹಿಡಿದು ಕಿಟಕಿಯ ಹೊರಗೆ ನಿಂತವನಿಗೆ ತಂಗಿಯ ದನಿ ಕೇಳಿತು.

"ಜೇಲು ಬ್ಯಾಡ್ರಿ ಅಕ್ಕಾರ. ಸೋಡಚೀಟಿ ಸಾಕು, ಗಂಡನಿಂದ ಬಿಡುಗಡಿ ಆದ್ರ ಆತು. ಮದ್ವ್ಯಾಗ ನಮ್ಮವ್ವ ಕುರಿ ಕೊಟ್ಟಿದ್ಲು. ಅವ್ರ ಹಿಂಡಿನ್ಯಾಗ ಅದಾವ, ಕಿವಿಗೆ ನಮ್ಮ ಮನಿ ಗುರ್ತು ಐತಿ. ಅವು, ಅವುಗಳ ಮರಿ ನನಗ ಬರಬೇಕು. ಕಾಯ್ಕೊಂಡ ನನ್ನ ಅನ್ನ ನಾ ಉಣ್ತೇನಿ."

ಇಷ್ಟು ದಿನ ಊರಿಗೆ ಊರೇ ಕೇಳುವಂತೆ ಕೂಗಾಡಿದ ಮಾಲಿಂಗ, ತಂಗಿಯನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಟಗರಿನ ಮುಖ ನೋಡಿದ. ಅದು ದಾಸವಾಳ ಮೆಲುಕು ಹಾಕುತ್ತಿತ್ತು.

"ಆ ಕುರಿ ನಿನ್ನ ಸ್ತ್ರೀಧನ," ಎಂದರು ವಕೀಲರು. "ನೋಟಿಸಿನ್ಯಾಗ ಮೊದ್ಲ ಅದನ್ನ ಬರೀತೇನಿ. ಫೀ ರೊಕ್ಕದಾಗ ಕೊಡ್ರಿ, ಕಂತ ಮಾಡಿದ್ರೂ ನಡೀತೈತಿ."

ಕಬ್ಬಿನ ಕಳೆ ತೆಗೆದ ಪಗಾರವನ್ನು ಭಾಗ್ಯಾ ಸಂಚಿಯಿಂದ ತೆಗೆದು ಮೊದಲ ಕಂತು ಕೊಟ್ಟಳು. ರಸೀದಿ ಅವಳ ಹೆಸರಿಗೇ ಆಯಿತು.

ಹೊರಗೆ ಬಂದಾಗ ಅಣ್ಣ ಟಗರಿನ ಬೆನ್ನು ಸವರುತ್ತಿದ್ದ. "ಉಳಿದ ಫೀಗೆ ಇದನ್ನ ಮೂಡಲಗಿ ಸಂತ್ಯಾಗ ಮಾರ್ತೇನಿ," ಎಂದ.

"ಹುಚ್ಚ ಅದಿ ನೋಡಣ್ಣಾ," ಎಂದು ಭಾಗ್ಯಾ ಹಗ್ಗ ಕಸಿದುಕೊಂಡಳು. "ನಾಳೆ ನನ್ನ ಕುರಿ ಬಂದ್ರ ಹಿಂಡಿಗೆ ಟಗರು ಬೇಕಲ್ಲೋ?"

ಮಾಲಿಂಗ ನಗುವಷ್ಟರಲ್ಲಿ ಒಳಗಿನಿಂದ ವಕೀಲರ ಕೂಗು ಬಂತು: "ಮುಂದಿನ ಸಲ ಬರುವಾಗ ದಾಸವಾಳ ಗಿಡ ತಗೊಂಡ ಬಾರೋ! ಅದಕ್ಕ ಮಾತ್ರ ಕಂತು ಇಲ್ಲ!"